ಬದಲಿ ಅಕ್ಕುವಿನ ಮಗಳು ಕನಸು ಬರೆದುಕೊಂಡದ್ದು

ಕನಸಿಗೂ ಫಾರ್ಮು ತುಂಬಿಸುವವರು ಇದ್ದರು ಎಂದರೆ ಕಾಪುವಿನ ಹಳಬರು ನಗುವುದಿಲ್ಲ. ಅವರಲ್ಲಿ ಕೆಲವರು ತುಂಬಿಸಿದವರೇ. ಎಂಬತ್ತೆರಡರ ಮಳೆಗಾಲ ಮುಗಿದು ವಿಧಾನಸಭೆಯ ಚುನಾವಣೆಯ ಮಾತು ಶುರುವಾಗಿದ್ದ ದಿನಗಳಲ್ಲಿ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು, ರಟ್ಟು ಹಾಕಿದ ಉದ್ದದ ಪುಸ್ತಕ ಹಿಡಿದು ಒಬ್ಬಳು ಮನೆ ಮನೆಗೆ ಬಂದು, "ಕಳೆದ ವಾರ ನಿಮಗೆ ಕೆಲಸದ ಕನಸು ಎಷ್ಟು ಸಲ ಬಿತ್ತು?" ಎಂದು ಕೇಳುತ್ತಿದ್ದಳು. ಹುಚ್ಚಿಯಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಹೈಯರ್ ಪಾಸಾದವಳು. ಹೆಸರು ಸುಭಾಷಿಣಿ, ಹಂಚಿನ ಕಾರ್ಖಾನೆಯ ಬದಲಿ ಅಕ್ಕುವಿನ ಮಗಳು.

ಮಣಿಪಾಲದ ಒಂದು ಕಾಲೇಜಿನ ಕಚೇರಿಯಲ್ಲಿ ಅವಳು ಏಳು ವರ್ಷದಿಂದ ತಾತ್ಕಾಲಿಕ ಟೈಪಿಸ್ಟ್. ಏಳು ವರ್ಷ ಎಳೆಯುವುದನ್ನೂ ತಾತ್ಕಾಲಿಕ ಎಂದು ಕರೆದ ಪುಣ್ಯಾತ್ಮ ಯಾರೋ, ಅವನಿಗೊಂದು ದೊಡ್ಡ ನಮಸ್ಕಾರ. ಎಂಬತ್ತೊಂಬತ್ತು ದಿನ ಕೆಲಸ, ತೊಂಬತ್ತನೆಯ ದಿನ ಮನೆ, ತೊಂಬತ್ತೊಂದಕ್ಕೆ ಹೊಸ ಆರ್ಡರು. ಒಂದೇ ಸಮನೆ ದುಡಿಸಿದರೆ ಖಾಯಂ ಮಾಡಬೇಕಾದೀತೆಂದು ಕಚೇರಿಗೇ ಭಯ. ಆ ಒಂದು ದಿನ ಅವಳು ಕಾಪುವಿನ ಕಡಲ ದಂಡೆಯಲ್ಲಿ ಬಂಡೆಗೆ ಒರಗಿ ಕುಳಿತಿರುತ್ತಿದ್ದಳು. ನೀರು ಹಿಂದಕ್ಕೆ ಸರಿಯುವಾಗ ಮರಳಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಯಾವ ಹಾಜರಿ ಪುಸ್ತಕದಲ್ಲೂ ತನ್ನ ಹೆಸರಿಲ್ಲದ ಈ ಒಂದು ದಿನ ನಿಜವೋ, ಉಳಿದ ಎಂಬತ್ತೊಂಬತ್ತು ನಿಜವೋ ಎಂದು ಯೋಚಿಸುತ್ತ ಅಲ್ಲೇ ಅರೆನಿದ್ದೆಗೆ ಜಾರುತ್ತಿದ್ದಳು. ನಾಳೆ ಆರ್ಡರು ಬಾರದಿದ್ದರೆ ಎಂಬ ಪ್ರಶ್ನೆ ಮಾತ್ರ ನಿದ್ದೆಯೊಳಗೂ ಅವಳ ಜೊತೆಗೇ ಹೋಗುತ್ತಿತ್ತು.

ಅಮ್ಮ ಅಕ್ಕುವಿನದು ಇನ್ನೂ ಹಳೆಯ ಕಥೆ. ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಬದಲಿ. ಬದಲಿಯೆಂದರೆ, ಖಾಯಂ ಹೆಂಗಸರಲ್ಲಿ ಯಾರಾದರೂ ಬಾರದಿದ್ದರೆ ಆ ದಿನದ ಮಟ್ಟಿಗೆ ಅವರ ಜಾಗಕ್ಕೆ ಒಳಗೆ ಹೋಗುವವಳು. ಬೆಳಿಗ್ಗೆ ಸೈರನ್ ಕೂಗುವ ಮೊದಲೇ ಗೇಟಿನ ಹೊರಗೆ ನಿಲ್ಲಬೇಕು. ಖಾಯಂನವರೆಲ್ಲ ಒಳಗೆ ಹೋದ ಮೇಲೆ ರೈಟರ್ ತಾರಾನಾಥ ಹಾಜರಿ ಪುಸ್ತಕ ಹಿಡಿದು ಬಂದು, ಎಷ್ಟು ಮಂದಿ ಕಡಿಮೆಯೆಂದು ನೋಡಿ, ಹೊರಗೆ ನಿಂತ ಮುಖಗಳ ಮೇಲೆ ಕಣ್ಣು ಹಾಯಿಸಿ ಬೆರಳು ತೋರಿಸುತ್ತಿದ್ದ. ಬೆರಳು ತನ್ನ ಕಡೆ ಬಂದರೆ ದಿನವಿಡೀ ಹಸಿ ಹಂಚು ಹೊರುವುದು, ಬಾರದಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ಮನೆಗೆ ನಡೆಯುವುದು. ಒಂದು ದಿನ ರೈಟರನ ಮುಖ ನೋಡದೆ, ತಲೆ ಎತ್ತಿಕೊಂಡು ಆ ಗೇಟಿನೊಳಗೆ ನಡೆದುಹೋಗಬೇಕು. ಅಕ್ಕುವಿಗೆ ಬಾಳಿನಲ್ಲಿದ್ದ ಆಸೆ ಇದೊಂದೇ.

ಈ ಬದಲಿ ಕೆಲಸಕ್ಕಾಗಿ ಅವಳು ಗದ್ದೆಯನ್ನೇ ಬಿಟ್ಟುಕೊಟ್ಟಿದ್ದಳು. ಎಪ್ಪತ್ತನಾಲ್ಕರಲ್ಲಿ ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಗೇಣಿಗೆ ಮಾಡುತ್ತಿದ್ದವರೆಲ್ಲ ಗದ್ದೆ ತಮ್ಮ ಹೆಸರಿಗಾಗಲೆಂದು ಡಿಕ್ಲರೇಶನ್ ಕೊಟ್ಟರು. ಫಾರ್ಮಿನಲ್ಲಿ ಹೆಸರು ಬರೆಸಿದವರಿಗೆ ಗದ್ದೆ ಆಯಿತು. ಗಂಡ ಸತ್ತು ಒಬ್ಬಳೇ ಸಾಗುವಳಿ ಮಾಡುತ್ತಿದ್ದ ಅಕ್ಕು ಬರೆಸಲಿಲ್ಲ. ಗದ್ದೆಯ ಧಣಿಯೂ ಕಾರ್ಖಾನೆಯ ಧಣಿಯೂ ಒಂದೇ ಮನೆಯವರು, ಗದ್ದೆ ಕೇಳಿದರೆ ಗೇಟು ಮುಚ್ಚೀತು ಎಂದು ಹೆದರಿದಳು. ಪಕ್ಕದ ಮನೆಯವರು ತಮ್ಮದೇ ಗದ್ದೆಯ ಅಂಚಿನಲ್ಲಿ ನಿಂತು ತಮಗೆ ಬೇಕಾದವರಿಗೆ ಜೈಕಾರ ಹಾಕುವುದನ್ನು ಅವಳು ಎಂಟು ವರ್ಷ ನೋಡುತ್ತ ಬಂದಳು. ಆ ಕಾನೂನಿನಿಂದ ಊರವರ ತಲೆಯಲ್ಲಿ ಒಂದು ಪಾಠ ಗಟ್ಟಿಯಾಗಿ ಕೂತಿತ್ತು. ಯಾರಾದರೂ ಪುಸ್ತಕ ಹಿಡಿದು ಹೆಸರು ಕೇಳಲು ಬಂದರೆ ಬಿಡಬಾರದು, ಬರೆಸಿಬಿಡಬೇಕು!

ಇನ್ನು ರಘುಪತಿ ರಾಯರ ವಿಷಯ. ಸುಭಾಷಿಣಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಒಳ್ಳೆಯ ಮನುಷ್ಯರು, ಆದರೆ ಊಟದ ಎಲೆಯ ಮೇಲೂ ಗ್ರಾಫು ಕಾಣುವವರು. ಕೆಲಸ ಹೋದೀತೆಂಬ ಭಯ ಇರುವವರು ಯಾರಿಗೆ ಓಟು ಹಾಕುತ್ತಾರೆ, ಇಲ್ಲದವರು ಯಾರಿಗೆ, ಅದನ್ನು ಅಳೆದು ತೋರಿಸಬೇಕೆಂದು ಅವರಿಗೆ ಹೊಳೆಯಿತು. ಪರದೇಶದ ಯಾವುದೋ ಪುಸ್ತಕದಿಂದ ಒಂದು ಏಣಿಯ ಚಿತ್ರ ತೆಗೆದು ಫಾರ್ಮಿಗೆ ಹಾಕಿದರು. ಹತ್ತು ಮೆಟ್ಟಿಲು. ಕೆಳಗಿನದೆಂದರೆ ಭಯವೇ ಇಲ್ಲ, ಮೇಲಿನದೆಂದರೆ ವಿಪರೀತ ಭಯ. ಮನೆ ಮನೆಗೆ ಹೋಗಲು ತುಳು ಬಲ್ಲ, ನಡೆಯಲು ಬೇಸರಿಸದ ಒಬ್ಬರು ಬೇಕಿತ್ತು. ತಾತ್ಕಾಲಿಕದವಳು ಇಲ್ಲ ಎನ್ನುವ ಹಾಗಿರಲಿಲ್ಲ. ಮೊದಲು ಅವಳ ಮೇಲೆಯೇ ಫಾರ್ಮನ್ನು ಪರೀಕ್ಷೆ ಮಾಡಿದರು.

"ನೀವು ಯಾರಿಗೆ ಓಟು ಹಾಕುತ್ತೀರಿ?"

"ನೀವು ಹೇಳಿದವರಿಗೆ ಸಾರ್."

ರಾಯರು ಜೋರಾಗಿ ನಕ್ಕರು. ತನ್ನ ಬಾಯಿಂದ ಆ ಮಾತು ಹೇಗೆ ಬಂತೆಂದು ಸುಭಾಷಿಣಿಗೆ ತಿಳಿಯಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಏಣಿ ಎಲ್ಲೂ ನಿಲ್ಲಲಿಲ್ಲ. ಹೆಜಮಾಡಿಯ ಮೀನುಗಾರನೊಬ್ಬ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ, "ಏಣಿ ಎಂತಕ್ಕೆ ಟೀಚರ್, ನಮ್ಮದು ದೋಣಿ ಅಲ್ವಾ?" ಎಂದ. ಪುಸ್ತಕ ಹಿಡಿದವರೆಲ್ಲ ಆ ಕಡೆ ಟೀಚರೇ. ಪಡುಬಿದ್ರಿಯ ಬೀಡಿ ಕಟ್ಟುವ ಹೆಂಗಸು, "ಈ ಪ್ರಾಯದಲ್ಲಿ ಸೀರೆ ಉಟ್ಟವಳನ್ನು ಏಣಿ ಹತ್ತಿಸ್ತೀಯಾ ಮಾರಾಯ್ತಿ?" ಎಂದು ನಕ್ಕು ಬೆರಳನ್ನು ನಡುವಿನ ಮೆಟ್ಟಿಲ ಮೇಲಿಟ್ಟಳು. ಬಹಳ ಮಂದಿ ನಡುವಿಗೇ ಇಟ್ಟರು, ಯಾರಿಗೂ ನೋವಾಗದ ಜಾಗ ಅದು. ಓಟಿನ ಪ್ರಶ್ನೆಗಂತೂ ಎಲ್ಲರದೂ ಅಡ್ಡಗೋಡೆಯ ಮೇಲೆ ದೀಪ. "ದೇವರು ಬುದ್ಧಿ ಕೊಟ್ಟ ಹಾಗೆ." "ಆ ದಿನ ನೋಡುವ." ಭಯ ಉಂಟಾ ಎಂದು ಕೇಳಿದರೆ ಭಯ ಇರುವವನು ಹೌದೆನ್ನುತ್ತಾನೆಯೇ? ಅಷ್ಟು ಧೈರ್ಯವಿದ್ದರೆ ಅವನಿಗೆ ಭಯವೆಲ್ಲಿಯದು!

ದಾರಿ ಸಿಕ್ಕಿದ್ದು ಕಾರ್ಕಳದಲ್ಲಿ, ಒಂದು ಮಧ್ಯಾಹ್ನ. ಗೇರುಬೀಜದ ಕಾರ್ಖಾನೆಯ ಹೊರಗಿನ ಮರದಡಿಯಲ್ಲಿ ಹೆಂಗಸರು ಉಂಡು ಕಾಲು ಚಾಚಿದ್ದರು. ಬೆಳಕು ಹಳದಿಯಾಗಿ, ದಪ್ಪವಾಗಿ, ಎಣ್ಣೆಯ ಹಾಗೆ ನಿಂತಿತ್ತು. ಜೆರ್ಟ್ರೂಡ್ ಎಂಬ ನಡುವಯಸ್ಸಿನವಳು ಫಾರ್ಮಿಗೆ ಹಾಂ ಹೂಂ ಎನ್ನುತ್ತಲೇ ನಿದ್ದೆಹೋದಳು. ಸುಭಾಷಿಣಿ ಎಬ್ಬಿಸದೆ ಪಕ್ಕದಲ್ಲಿ ಕುಳಿತಳು. ಐದು ನಿಮಿಷವಾಗಿರಬಹುದು, ಜೆರ್ಟ್ರೂಡ್ ಬೆಚ್ಚಿ ಎದ್ದು ತನ್ನ ಕೈಗಳನ್ನೇ ನೋಡಿಕೊಂಡಳು.

"ಎಂತ ಆಯಿತು?"

"ಅದೇ ಕನಸು, ಬಾಯೆ. ಬೀಜ ಒಡೆಯುತ್ತೇನೆ, ಒಳಗೆ ಎಂತದೂ ಇಲ್ಲ. ಇನ್ನೊಂದು ಒಡೆಯುತ್ತೇನೆ, ಅದರಲ್ಲೂ ಇಲ್ಲ. ಬುಟ್ಟಿ ತುಂಬ ಬರೀ ಸಿಪ್ಪೆ. ಮೇಸ್ತ್ರಿ ಬೆನ್ನ ಹಿಂದೆ ಬಂದು ನಿಂತಿದ್ದಾನೆ ಅಂತ ಗೊತ್ತುಂಟು, ಆದರೆ ತಿರುಗಿ ನೋಡಲಿಕ್ಕೆ ಕುತ್ತಿಗೆ ಬರುವುದಿಲ್ಲ."

"ಯಾವಾಗಲೂ ಬೀಳ್ತದಾ?"

"ಈ ವಾರ ಮೂರು ಸಲ. ಸೀಸನ್ ಮುಗಿಯುವ ಹೊತ್ತಿಗೆ ದಿನಾ." ಆಮೇಲೆ ಜೆರ್ಟ್ರೂಡ್ ಕೇಳದೆಯೇ ಹೇಳಿದಳು: "ಓಟು ಮೇಸ್ತ್ರಿ ಹೇಳಿದವರಿಗೇ ಹಾಕುವುದು. ಮತ್ತೆಂತ ಮಾಡುವುದು?"

ಸುಭಾಷಿಣಿಗೂ ಒಂದು ಕನಸು ಇತ್ತು, ಯಾರಿಗೂ ಹೇಳಿರಲಿಲ್ಲ. ತನ್ನದೇ ಆರ್ಡರನ್ನು ತಾನೇ ಟೈಪ್ ಮಾಡುತ್ತಿರುತ್ತಾಳೆ, ಕೀಲಿಗಳು ಟಕಟಕ ಹೊಡೆಯುತ್ತವೆ, ಕಾಗದ ಮಾತ್ರ ಬೆಳ್ಳಗೇ ಇರುತ್ತದೆ. ತನ್ನೊಬ್ಬಳಿಗೇ ತಲೆ ಕೆಟ್ಟದ್ದಲ್ಲವೆಂದು ತಿಳಿದು ಅವಳಿಗೆ ಆ ಬಿಸಿಲಿನಲ್ಲಿ ವಿಚಿತ್ರವಾದ ಸಮಾಧಾನವಾಯಿತು.

"ಕನಸು ಸರ್ವೆ ಮಾಡಲು ನಾವೇನು ಜೋಯಿಸರಾ?" ಎಂದು ರಾಯರು ಮೊದಲು ರೇಗಿದರು. ಅವಳು ವಾದ ಮಾಡಲಿಲ್ಲ. ಏಣಿಯ ಪ್ರಶ್ನೆಯನ್ನು ಹಾಗೇ ಇಟ್ಟು, ಅದರ ಕೆಳಗೆ ಪೆನ್ಸಿಲಿನಿಂದ ತನ್ನ ಪ್ರಶ್ನೆ ಸೇರಿಸಿಕೊಂಡು ಹೊರಟಳು. ಆಮೇಲೆ ನಡೆದದ್ದನ್ನು ನೋಡಬೇಕು! ಭಯವನ್ನು ಕೇಳಿದಾಗ ಬಾಯಿ ಹೊಲಿದುಕೊಳ್ಳುತ್ತಿದ್ದ ಜನ ಕನಸನ್ನು ಕೇಳಿದರೆ ಮಣೆ ಹಾಕಿ ಕೂರಿಸಿದರು. ಕನಸಿಗೆ ಯಾರೂ ಹೊಣೆಯಲ್ಲವಲ್ಲ. ಕನಸಿನ ಬೆನ್ನಿಗೇ ಓಟಿನ ಮಾತೂ ಬಾಯಿಂದ ಜಾರುತ್ತಿತ್ತು. ಅಜೆಕಾರಿನ ಬೀಡಿ ಕಟ್ಟುವವಳಿಗೆ ಎಲೆ ಕತ್ತರಿಸಿದಷ್ಟೂ ಎಲೆ ಸಣ್ಣದಾಗುತ್ತ ಹೋಗಿ ಕೊನೆಗೆ ಉಗುರು ಕತ್ತರಿಸಿಕೊಂಡಂತೆ ಕನಸು. ಹೆಜಮಾಡಿಯ ಅದೇ ದೋಣಿಯವನಿಗೆ ಸಮುದ್ರ ಹಿಂದೆ ಸರಿದು, ಬಲೆ ಒಣ ಮರಳಿನ ಮೇಲೆ ಬಿದ್ದು, ಎಷ್ಟು ನಡೆದರೂ ನೀರೇ ಸಿಗದ ಕನಸು. ಉಡುಪಿಯ ಬಸ್ಸಿನ ಕಂಡಕ್ಟರನ ಕನಸಿನಲ್ಲಿ ಬಸ್ಸು ತುಂಬ ಜನ, ಒಬ್ಬರಿಗೂ ಮುಖವಿಲ್ಲ. ಖಾಯಂ ಆಗಿದ್ದ ಒಬ್ಬ ಬ್ಯಾಂಕಿನ ಪೇದೆಯನ್ನು ಕೇಳಿದರೆ, ಅವನು ಕಂಡದ್ದು ಹಾವು, ಸತ್ತ ಅಜ್ಜ, ಹಲಸಿನ ಹಣ್ಣು. ಕೆಲಸದ ಕನಸೇ? "ಕೆಲಸದಲ್ಲಿ ನಿದ್ದೆ ಬರ್ತದೆ, ನಿದ್ದೆಯಲ್ಲಿ ಕೆಲಸ ಬರುವುದಿಲ್ಲ" ಎಂದ ಪುಣ್ಯವಂತ.

ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಬರುವಾಗ ಈ ಕನಸುಗಳೆಲ್ಲ ಅವಳೊಳಗೆ ಒಂದಕ್ಕೊಂದು ಬೆರೆಯುತ್ತಿದ್ದವು. ಒಣಗಿದ ಸಮುದ್ರದಲ್ಲಿ ಜೆರ್ಟ್ರೂಡ್ ಖಾಲಿ ಸಿಪ್ಪೆ ಹೆಕ್ಕುತ್ತಿದ್ದಳು. ಮುಖವಿಲ್ಲದವರ ಬಸ್ಸು ಗದ್ದೆಯ ಮೇಲೆ ಸದ್ದಿಲ್ಲದೆ ಸಾಗುತ್ತಿತ್ತು. ಕಟಪಾಡಿಯಲ್ಲಿ ಯಾರೋ ಭುಜ ತಟ್ಟಿದರೆ ಎಚ್ಚರ, ಕಾಪು ಬಂದರೆ ಇಳಿಯುವುದು. ಅಷ್ಟು ಜನರ ನಿದ್ದೆಯನ್ನು ಹೆಗಲ ಚೀಲದಲ್ಲಿ ಹೊತ್ತು ತರುತ್ತಿದ್ದೇನೆಂಬ ಭಾವನೆಗೆ ಅವಳ ನಡಿಗೆಯೇ ನಿಧಾನವಾಗಿತ್ತು.

ನವೆಂಬರ್ ಹೊತ್ತಿಗೆ ಮುನ್ನೂರು ಫಾರ್ಮು ಆದವು. ರಾಯರು ಕನ್ನಡಕ ಏರಿಸಿ ಕೋಷ್ಟಕ ಹಾಕಿದರು. ಕೆಲಸದ ಕನಸು ಬೀಳದವರ ಓಟು ಚದುರಿತ್ತು, ಒಬ್ಬ ಆ ಕಡೆ, ಒಬ್ಬ ಈ ಕಡೆ, ಬೇಕಾದರೆ ಜಗಳಕ್ಕೂ ತಯಾರು. ಕನಸು ಹೆಚ್ಚಿದಂತೆ ಉತ್ತರ ಒಂದೇ ಆಗುತ್ತ ಹೋಗಿತ್ತು, ಧಣಿ ಹೇಳಿದವರಿಗೆ, ಮೇಸ್ತ್ರಿ ಹೇಳಿದವರಿಗೆ. ಆದರೆ ಮೂರನೆಯ ಸಾಲಿನವರು ರಾಯರನ್ನು ಕುರ್ಚಿಯಿಂದ ಎಬ್ಬಿಸಿದರು. ಕೆಲಸ ಆಗಲೇ ಹೋಗಿಬಿಟ್ಟಿದ್ದವರು ಅವರು. ಅವರಿಗೆ ಕನಸೂ ನಿಂತಿತ್ತು, ಹೆದರಿಕೆಯೂ ನಿಂತಿತ್ತು, ಓಟು ಧಣಿಯ ಎದುರಿಗೆ ತಿರುಗಿತ್ತು.

"ನೋಡಿ ಸುಭಾಷಿಣಿ! ಭಯವೇ ಬೇರೆ, ನಷ್ಟವೇ ಬೇರೆ. ಹೋಗಬಹುದು ಎನ್ನುವವರೆಗೆ ಮನುಷ್ಯ ಬಗ್ಗುತ್ತಾನೆ, ಹೋಯಿತು ಎಂದ ಮೇಲೆ ನೆಟ್ಟಗಾಗುತ್ತಾನೆ. ಏಣಿಯಲ್ಲಿ ಇದು ಸಿಕ್ಕುತ್ತಿತ್ತಾ?"

"ಇಲ್ಲ ಸಾರ್" ಎಂದಳು. ಏಣಿ ಅವರದೇ ಎಂದು ನೆನಪಿಸಲು ಹೋಗಲಿಲ್ಲ.

ಉಳಿದದ್ದು ಅಮ್ಮನ ಕಾರ್ಖಾನೆ. ಅಲ್ಲಿ ಭಯಕ್ಕೆ ಆ ವರ್ಷ ಬರ ಇರಲಿಲ್ಲ. ಗಲ್ಫಿಗೆ ಹೋದವರೆಲ್ಲ ತಾರಸಿ ಮನೆ ಕಟ್ಟಿಸತೊಡಗಿ ಹಂಚು ಕೇಳುವವರು ಕಡಿಮೆಯಾಗಿದ್ದರು. ಖಾಯಂ ಹೆಂಗಸರಲ್ಲೂ ಕೆಲವರನ್ನು ತೆಗೆದು ಬದಲಿಯವರಿಂದಲೇ ಕೆಲಸ ನಡೆಸುತ್ತಾರೆಂದು ಸುದ್ದಿ ಇತ್ತು. ಅದರ ಮೇಲೆ ಧಣಿಗಳ ಭಾವನೇ ಚುನಾವಣೆಗೆ ನಿಂತಿದ್ದ.

ಸುಭಾಷಿಣಿ ಅಲ್ಲಿ ಪುಸ್ತಕ ತೆರೆದ ಎರಡೇ ದಿನದಲ್ಲಿ ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂಬಂತಾಯಿತು. ಅಕ್ಕುವಿನ ಮಗಳು ಖಾಯಂ ಪಟ್ಟಿ ಮಾಡುತ್ತಿದ್ದಾಳಂತೆ, ಮಣಿಪಾಲದಿಂದ ಸರಕಾರಕ್ಕೆ ಹೋಗುತ್ತದಂತೆ, ಡಿಕ್ಲರೇಶನ್ ಇದ್ದ ಹಾಗೆಯಂತೆ, ಹೆಸರು ಬರೆಸಿದವರನ್ನು ತೆಗೆಯುವ ಹಾಗಿಲ್ಲವಂತೆ! ಹೆಂಗಸರು ಮೀಸಲು ಕನಸುಗಳನ್ನೆಲ್ಲ ಹೊತ್ತು ತಂದರು. ಕನಸಿಲ್ಲದವರು ನೆರೆಮನೆಯಿಂದ ಕಡ ತಂದರು. "ಇದು ಅದಲ್ಲ, ಇದು ಬರೀ ಓದಿನವರ ಲೆಕ್ಕ" ಎಂದು ಸುಭಾಷಿಣಿ ಗಂಟಲು ಹರಿದುಕೊಂಡರೂ, "ಹಾಗೆ ಹೇಳಬೇಕು ಅಂತ ನಿನಗೆ ಹೇಳಿರ್ತಾರೆ, ನಮಗೆ ಗೊತ್ತುಂಟು" ಎಂದು ಕಣ್ಣು ಮಿಟುಕಿಸಿದರು. ಸರಕಾರಕ್ಕೆ ಹೋಗುವ ಪುಸ್ತಕದಲ್ಲಿ ಸುಳ್ಳು ಬರೆಸಬಾರದೆಂದು ಓಟಿನ ವಿಷಯವನ್ನೂ ನೆಟ್ಟಗೆ ಹೇಳಿದರು. ಮೂವತ್ತು ಹೆಂಗಸರಲ್ಲಿ ಆರು ಮಂದಿ, ಧಣಿಯ ಭಾವನಿಗೆ ಹಾಕುವುದಿಲ್ಲವೆಂದು ಹೆಸರು ಸಮೇತ ಬರೆಸಿದರು. ಮೂವತ್ತೊಂದನೆಯ ಫಾರ್ಮು ಅಮ್ಮನದು.

"ನನಗೆ ಕನಸೇ ಬೀಳುವುದಿಲ್ಲ ಮಗಾ" ಎಂದು ಅಕ್ಕು ಅದನ್ನು ಖಾಲಿ ಬಿಡಿಸಿದಳು.

ತಾರಾನಾಥ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದು ಮರುದಿನ. ಕೆಟ್ಟವನೆಂದು ಹೇಳಿಬಿಟ್ಟರೆ ಕಥೆ ಸುಲಭವಾಗುತ್ತಿತ್ತು. ಆದರೆ ಆ ಮನುಷ್ಯ ಇವಳ ಅಪ್ಪ ಸತ್ತಾಗ ಹೆಗಲು ಕೊಟ್ಟವನು.

"ಪುಸ್ತಕ ಒಂದು ದಿನಕ್ಕೆ ಕೊಡು ಮಗಾ. ನೋಡಿ ಹಿಂದೆ ಕೊಡ್ತೇನೆ" ಎಂದ ಮೆಲ್ಲಗೆ. "ಯಾರು ಎದುರು ಅಂತ ಧಣಿಗಳಿಗೆ ಗೊತ್ತಾಗಬೇಕು. ಹೇಗೂ ಕೆಲವರನ್ನು ತೆಗೆಯಲಿಕ್ಕುಂಟು. ಆ ಜಾಗಕ್ಕೆ ಹೊಸ ವರ್ಷದಿಂದ ಒಬ್ಬಳನ್ನು ಖಾಯಂ ಮಾಡುವುದು. ಹೆಸರು ಬರೆಯುವುದು ನಾನು. ಅಕ್ಕು ಅಂತ ಬರೆಯಲಿಕ್ಕೆ ಎಷ್ಟು ಹೊತ್ತು ಬೇಕು?"

ಅವಳು ಪುಸ್ತಕವನ್ನು ಚೀಲದ ತಳಕ್ಕೆ ತಳ್ಳಿದಳು.

"ನಾನು ಕೇಳದಿದ್ದರೆ ಧಣಿಗಳು ನನ್ನನ್ನು ಕೇಳ್ತಾರೆ ಮಾರಾಯ್ತಿ. ನನಗೂ ತಲೆ ಉಳಿಸಿಕೊಳ್ಳಬೇಕಲ್ವಾ?"

ಆ ವಾರವಿಡೀ ಅದು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಸುಭಾಷಿಣಿ ಕೊಡುವುದೆಂದೇ ತೀರ್ಮಾನಿಸಿದಳು. ಇದನ್ನು ಮುಚ್ಚಿಡಬೇಕಾಗಿಲ್ಲ, ಅವಳೇ ಮುಂದೆ ಮುಚ್ಚಿಡಲಿಲ್ಲ. ಆರು ಮಂದಿ ಎಲ್ಲಿಯಾದರೂ ಬದುಕಿಯಾರು. ಅಮ್ಮನ ಪಾದದ ಬಿರುಕು, ಗೇಟಿನಿಂದ ಹಿಂದಿರುಗುವಾಗ ಅಂಗಳದಲ್ಲೇ ಒಂದು ಗಳಿಗೆ ನಿಂತು ಮುಖ ಸರಿಮಾಡಿಕೊಂಡು ಒಳಗೆ ಬರುತ್ತಿದ್ದ ರೀತಿ, ಇವೆಲ್ಲ ಆರು ಹೆಸರಿಗಿಂತ ಭಾರವಾದವು. ಭಾನುವಾರ ಮಧ್ಯಾಹ್ನ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿಟ್ಟು, ಜಗಲಿಯಲ್ಲಿ ತೆಂಗಿನ ಮಡಲು ಹೆಣೆಯುತ್ತಿದ್ದ ಅಮ್ಮನಿಗೆ ವಿಷಯ ಹೇಳಿದಳು.

ಅಕ್ಕುವಿನ ಕೈ ನಿಂತಿತು. ಖಾಯಂ ಎಂಬ ಮಾತು ಕೇಳಿ ಅವಳ ಮುಖದಲ್ಲಿ ಬೆಳಗಾದಂತಾಯಿತು. ಸುಭಾಷಿಣಿ ಜನ್ಮದಲ್ಲಿ ಆ ಮುಖ ಕಂಡಿರಲಿ‌ಲ್ಲ, ಆಮೇಲೆ ಕಾಣಲೂ ಇಲ್ಲ.

"ಅವರೆಲ್ಲ ಎಂತ ಕನಸು ಬರೆಸಿದ್ದಾರೆ? ಓದು, ಕೇಳುವ" ಎಂದಳು ಅಕ್ಕು. ಅವಳಿಗೆ ಓದಲು ಬರುತ್ತಿರಲಿಲ್ಲ.

ಸುಭಾಷಿಣಿ ಪೇಪರು ಬಿಚ್ಚಿ ಓದತೊಡಗಿದಳು. ಹಂಚು ಕೈಯಲ್ಲೇ ಕರಗಿ ನೀರಾಗುವ ಕನಸು, ಸೈರನ್ ಕೂಗಿದರೂ ಸದ್ದು ಬಾರದ ಕನಸು. ತೆಂಗಿನ ನೆರಳು ಅಂಗಳದಲ್ಲಿ ತೂಗುತ್ತಿತ್ತು, ಅಕ್ಕು ಕಥೆ ಕೇಳುವವಳಂತೆ ಹೂಂಗುಟ್ಟುತ್ತಿದ್ದಳು. ಒಂದು ಕಡೆ ಮಗಳು ಎರಡು ಹಾಳೆ ಒಟ್ಟಿಗೆ ಮಗುಚಿದಳು.

"ಅದನ್ನು ಯಾಕೆ ಬಿಟ್ಟೆ?"

"ಎಂತ ಇಲ್ಲ ಅಮ್ಮ."

"ಓದು."

ಅದು ಒಲಿಂಡಾಳದು. ಎದುರು ಹಾಕುತ್ತೇನೆಂದ ಆರು ಮಂದಿಯಲ್ಲಿ ಮೊದಲಿನವಳು. ನಿನ್ನ ಅಮ್ಮನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡೇ ಬರೆಸಿದ್ದಳು. ಸುಭಾಷಿಣಿ ತಲೆ ತಗ್ಗಿಸಿ ಓದಿದಳು: "ನಾನು ಗೇಟಿನ ಹೊರಗಿದ್ದೇನೆ. ಒಳಗೆ ನನ್ನ ಸೀರೆ ಉಟ್ಟುಕೊಂಡು ಅಕ್ಕು ಹಂಚು ಹೊರುತ್ತಿದ್ದಾಳೆ. ಕೂಗಿದರೆ ತಿರುಗಿ ನೋಡುವುದಿಲ್ಲ."

"ಇನ್ನೂ ಉಂಟಾ?"

ಇತ್ತು. ಬಸುರಿ ಡುಲ್ಸಿನ್ ಬರೆಸಿದ್ದು: "ಹೆರಿಗೆಯಾಗಿದೆ. ಮಗುವಿನ ಬಟ್ಟೆ ಸರಿಸಿ ನೋಡಿದರೆ ಅಕ್ಕುವಿನ ಮುಖ. ಕಣ್ಣು ಬಿಟ್ಟು, ನಾಳೆ ಬರ್ತೀಯಾ, ಎಂದು ಕೇಳುತ್ತದೆ." ಮತ್ತೊಬ್ಬಳ ಕನಸಿನಲ್ಲಿ ಅವಳೇ ಸತ್ತು ಅಂಗಳದಲ್ಲಿ ಮಲಗಿದ್ದಳು. ಅಕ್ಕು ನೋಡಲು ಬಂದವಳು ಸೈರನ್ ಕೇಳಿ ಹೆಣ ದಾಟಿ ಓಡಿದ್ದಳು. ಮೂವತ್ತರಲ್ಲಿ ಹನ್ನೊಂದು ಕನಸುಗಳೊಳಗೆ ಅಕ್ಕು ಇದ್ದಳು. ಮಗಳು ಹನ್ನೊಂದನ್ನೂ ಓದಬೇಕಾಯಿತು.

ಅಕ್ಕು ಬಹಳ ಹೊತ್ತು ಮಡಲಿನ ಗರಿಯನ್ನು ಬೆರಳಿಗೆ ಸುತ್ತುತ್ತ ಬಿಡಿಸುತ್ತ ಕುಳಿತಿದ್ದಳು. ಆಮೇಲೆ ಹೇಳಿದಳು: "ಪುಸ್ತಕ ಕೊಡಬೇಡ."

"ಅಮ್ಮಾ, ಹತ್ತೊಂಬತ್ತು ವರ್ಷ..."

"ನಿಂತವಳು ನಾನು. ಬೇಡ ಅಂತ ಹೇಳುವುದೂ ನಾನೇ."

ಸುಭಾಷಿಣಿ ಅಂದೇ ಬ್ಲೇಡಿನಿಂದ ಪ್ರತಿ ಹಾಳೆಯ ಹೆಸರಿನ ಅಂಚನ್ನು ಕತ್ತರಿಸಿ ಒಲೆಗೆ ಹಾಕಿದಳು. ಹೆಸರಿಲ್ಲದ ಪುಸ್ತಕ ಸೋಮವಾರ ಮಣಿಪಾಲಕ್ಕೆ ಹೋಯಿತು. ತಾರಾನಾಥನಿಗೆ ಹೇಳಿದಾಗ ಅವನು ಬೈಯಲಿಲ್ಲ. "ನೀನು ಕೊಡದಿದ್ದರೆ ಓಟಿನ ಪೆಟ್ಟಿಗೆ ಹೇಳ್ತದೆ" ಎಂದ. "ಕಾರ್ಖಾನೆಯವರೆಲ್ಲ ಹಾಕುವುದು ಶಾಲೆಯ ಬೂತಿನಲ್ಲಿ. ಅಲ್ಲಿ ಕಡಿಮೆ ಬಿದ್ದರೆ ಧಣಿಗಳಿಗೆ ಎಲ್ಲರ ಮೇಲೂ ಸಂಶಯ. ಆಗ ಆರು ಅಲ್ಲ, ಹತ್ತು ಹೋದೀತು."

ಡಿಸೆಂಬರಿನಲ್ಲಿ ರೈಟರನ ಬೆರಳು ಅಕ್ಕುವಿನ ಕಡೆ ಒಮ್ಮೆಯೂ ಬರಲಿಲ್ಲ. ಹದಿನೇಳು ದಿನ ಅವಳು ಹೋಗಿ ನಿಂತಳು. ಡುಲ್ಸಿನ್ ಹೆರಿಗೆಗೆ ಹೋದಾಗಲೂ ಆ ಜಾಗಕ್ಕೆ ನಿನ್ನೆ ಮೊನ್ನೆ ಬಂದವಳೊಬ್ಬಳನ್ನು ಕರೆದರು. ಹದಿನೆಂಟನೆಯ ದಿನ ಅಕ್ಕು ಹೋಗಲಿಲ್ಲ. ಸೈರನ್ ಕೂಗಿತು, ಅವಳು ಮಗ್ಗುಲು ಬದಲಿಸಿ ಬಿಸಿಲೇರುವವರೆಗೆ ಮಲಗಿದಳು. ಸುಭಾಷಿಣಿ ಆ ನಿದ್ದೆಯನ್ನು ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ರಾಯರ ಕೋಷ್ಟಕದ ಮೂರನೆಯ ಸಾಲು ನೆನಪಾಯಿತು. ಇನ್ನು ಅಮ್ಮನಿಗೆ ಹೆದರಿಕೆಯಿಲ್ಲ. ಒಂದು ಸಲವಾದರೂ ಅಮ್ಮ ನೆಟ್ಟಗೆ ನಿಂತು ಧಣಿಯ ಎದುರು ಮುದ್ರೆ ಒತ್ತಿ ಬರುತ್ತಾಳೆ. ಅದನ್ನು ನೆನೆದು ಅವಳು ದಿನ ಎಣಿಸಿದಳು.

ಜನವರಿಯ ಮೊದಲ ವಾರ ಓಟು. ತಾಯಿ ಮಗಳು ಒಟ್ಟಿಗೆ ಹೋದರು. ಶಾಲೆಯ ಜಗಲಿಯ ಸಾಲಿನಲ್ಲಿ ಒಲಿಂಡಾ ಮುಂದಿದ್ದಳು, ಅಕ್ಕುವನ್ನು ಕಂಡು ಮುಖ ಆಚೆ ತಿರುಗಿಸಿದಳು. ಅಕ್ಕು ಒಳಗೆ ಹೋಗಿ ಬೇಗನೆ ಹೊರಗೆ ಬಂದಳು. ಬೆರಳಿನ ಮಸಿ ಆರುವವರೆಗೆ ಸುಭಾಷಿಣಿಗೆ ತಡೆಯಲಾಗಲಿಲ್ಲ. ಗದ್ದೆಯ ಅಂಚಿಗೆ ಬರುತ್ತಲೇ ಕೇಳಿಬಿಟ್ಟಳು.

"ಯಾರಿಗೆ ಹಾಕಿದೆ ಅಮ್ಮಾ?"

"ಧಣಿಯ ಭಾವನಿಗೆ."

"ಎಂತ! ಇನ್ನೂ ನಿನಗೆ ಎಂತದು ಹೆದರಿಕೆ? ಕೆಲಸವೇ ಹೋಯಿತಲ್ಲ!"

"ನನಗೆ ಇಲ್ಲ. ಒಳಗೆ ಇರುವವರಿಗೆ ಉಂಟಲ್ಲ. ಅವರು ಬೇಕಾದವರಿಗೆ ಹಾಕಲಿ. ಪೆಟ್ಟಿಗೆಯಲ್ಲಿ ಒಂದು ಹೆಚ್ಚು ಬಿದ್ದರೆ ಒಬ್ಬಳ ಮೇಲಿನ ಸಂಶಯ ಕಡಿಮೆ."

ಅಕ್ಕು ಅಂಚಿನ ಮೇಲೆ ನಿಧಾನವಾಗಿ ನಡೆಯುತ್ತಿದ್ದಳು. ಹಿಂದೆ ತಿರುಗದೆಯೇ ಮಾತಾಡಿದಳು.

"ಗೇಟಿನ ಹೊರಗೆ ನಿಂತು ನಾನು ದಿನಾ ಎಂತ ಬೇಡಿಕೊಳ್ಳುತ್ತಿದ್ದೆ ಗೊತ್ತುಂಟಾ ಮಗಾ? ಇವತ್ತು ಒಬ್ಬಳಿಗೆ ಜ್ವರ ಬರಲಿ ದೇವರೇ ಅಂತ. ಒಲಿಂಡಾಳ ಗಂಡ ಸತ್ತಾಗ ಹದಿನಾರು ದಿನ ಒಳಗೆ ಹೋದೆ. ಖುಷಿ ಆಗಿತ್ತು ನನಗೆ. ಅವಳ ಮನೆಗೆ ಹೋಗಿ ಅತ್ತು ಬಂದು, ಇಲ್ಲಿ ಖುಷಿಪಟ್ಟೆ. ಅವರು ಕನಸಲ್ಲಿ ಕಂಡದ್ದು ಸುಳ್ಳಲ್ಲ, ನಾನೇ ಅದು. ಹತ್ತೊಂಬತ್ತು ವರ್ಷ ಅವರಿಗೆ ಕೆಟ್ಟದು ಬಯಸಿದವಳು, ಒಂದು ದಿನ ಒಂದು ಓಟು ಅವರ ಹೆಸರಲ್ಲಿ ಹಾಕಿದೆ. ಅಷ್ಟೇ."

ಸುಭಾಷಿಣಿ ಗದ್ದೆಯ ಅಂಚಿನಲ್ಲೇ ಕುಳಿತು ಅತ್ತಳು. ಅಕ್ಕು ಸ್ವಲ್ಪ ದೂರ ಹೋಗಿ, ಮಗಳು ಬಾರದ್ದನ್ನು ಕಂಡು ಅಲ್ಲೇ ನಿಂತು ಕಾದಳು.

ರಾಯರ ವರದಿ ಎಂಬತ್ತನಾಲ್ಕರಲ್ಲಿ ಅಚ್ಚಾಯಿತು. ಮೂರು ಸಾಲಿನ ಆ ಕೋಷ್ಟಕವನ್ನು ದೆಹಲಿಯವರೂ ಮೆಚ್ಚಿದರಂತೆ. ಅದರಲ್ಲಿ ಕಾಪುವಿನ ಹಂಚಿನ ಕಾರ್ಖಾನೆಯ ಹೆಂಗಸರು ಮೂವತ್ತು ಜನ. ಮೂವತ್ತೊಂದನೆಯದು, ಅಮ್ಮನ ಖಾಲಿ ಫಾರ್ಮು, ಸುಭಾಷಿಣಿಯ ಮೇಜಿನ ಮೇಲೆಯೇ ಇತ್ತು. ಮೂರು ಸಾಲುಗಳಲ್ಲಿ ಅದನ್ನು ಎಲ್ಲಿ ಸೇರಿಸಬೇಕೆಂದು ತಿಳಿಯದೆ, ಟೈಪ್ ಮಾಡುವಾಗ ಅವಳೇ ಬಿಟ್ಟಳು.